ಲೆಕ್ಕ ಸರಿ, ವಾಕ್ಯ ತಪ್ಪು: ಸಂಖ್ಯಾಶಾಸ್ತ್ರವನ್ನು ಬರೆಸಿ ಕಲಿಸುವ ಬಗೆ

ಒಂಬತ್ತು ಮನೆಗಳ ಹೊಲದ ಅಳತೆಯನ್ನು ಎಕರೆ ಲೆಕ್ಕದಲ್ಲಿ ಬೋರ್ಡಿನ ಮೇಲೆ ಬರೆಯಿರಿ: 1, 2, 2, 2.5, 3, 3, 4, 5, 40. ಸರಾಸರಿ 6.94, ಮಧ್ಯಾಂಕ (ಕ್ರಮವಾಗಿ ಜೋಡಿಸಿದಾಗ ನಟ್ಟನಡುವೆ ಬರುವ ಸಂಖ್ಯೆ) 3 ಎಂದು ಪಿಯುಸಿ ಮಕ್ಕಳು ಐದು ನಿಮಿಷದಲ್ಲಿ ಲೆಕ್ಕ ಮಾಡಿ ತೋರಿಸುತ್ತಾರೆ. ಅಲ್ಲಿಗೆ ಬಿಡಬೇಡಿ. “ಈ ಊರಿನ ರೈತರ ಬಗ್ಗೆ ಈ ಎರಡು ಸಂಖ್ಯೆ ಏನು ಹೇಳುತ್ತವೆ? ಎರಡು ವಾಕ್ಯ ಬರೀರಿ” ಎನ್ನಿ. ಬಹಳಷ್ಟು ಚೀಟಿಗಳಲ್ಲಿ ಬರುವ ಉತ್ತರ: “ಈ ಊರಿನ ರೈತರಿಗೆ 6.94 ಎಕರೆ ಜಮೀನು ಇದೆ.” ಒಂಬತ್ತರಲ್ಲಿ ಎಂಟು ಮನೆಗೆ ಅಷ್ಟು ಜಮೀನೇ ಇಲ್ಲ.

ಸೂತ್ರ ಸರಿ, ಭಾಗಾಕಾರ ಸರಿ. ತಪ್ಪಿರುವುದು ಅರ್ಥದಲ್ಲಿ, ಅದು ಹೊರಗೆ ಬಿದ್ದದ್ದು ವಾಕ್ಯ ಬರೆದಾಗ. ಲೆಕ್ಕ ಮಾತ್ರ ನೋಡಿ ಪೂರ್ಣ ಅಂಕ ಕೊಟ್ಟಿದ್ದರೆ ಆ ತಪ್ಪು ಪದವಿ ಮುಗಿಯುವವರೆಗೂ ಮಗುವಿನ ಜೊತೆಗೇ ಇರುತ್ತಿತ್ತು. ಸಂಖ್ಯಾಶಾಸ್ತ್ರದಲ್ಲಿ ಬರೆಸಬೇಕಾದ ಕಾರಣ ಇದು. ಭಾಷೆ ಸುಧಾರಿಸುತ್ತದೆ, ಪ್ರಾಜೆಕ್ಟಿಗೆ ಅನುಕೂಲ ಎಂಬುದೆಲ್ಲ ಮೇಲಿನ ಲಾಭ.

ಬಳ್ಳಾರಿ, ರಾಯಚೂರು, ಕೊಪ್ಪಳದ ಪಿಯು ಮತ್ತು ಪದವಿ ಕಾಲೇಜಿನ ಉಪನ್ಯಾಸಕರನ್ನು ಎದುರಿಗಿಟ್ಟುಕೊಂಡು ಇಲ್ಲಿನ ಹಂತಗಳನ್ನು ಬರೆದಿದೆ. ಸೆಕ್ಷನ್ನಿಗೆ 70 ಮಕ್ಕಳು, ಅವರಲ್ಲಿ ಹಲವರದು ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮ, ಈಗ ಕೈಯಲ್ಲಿ ಇಂಗ್ಲಿಷ್ ಪಠ್ಯಪುಸ್ತಕ, ತಲೆಯ ಮೇಲೆ ಮುಗಿಸಬೇಕಾದ ಸಿಲೆಬಸ್: ಪರಿಸ್ಥಿತಿ ಇದೇ ಎಂದಿಟ್ಟುಕೊಳ್ಳಿ. ವಾರಕ್ಕೆ ಹದಿನೈದು ನಿಮಿಷ ಸಾಕು.

ಚೀಟಿಯಿಂದ ಶುರು ಮಾಡಿ

ವರ್ಷದ ಕೊನೆಗೆ ಒಮ್ಮೆಲೇ ಹತ್ತು ಪುಟದ ಪ್ರಾಜೆಕ್ಟ್ ಕೊಡುವುದು ಹೆಚ್ಚಿನ ಕಡೆ ನಡೆದುಬಂದ ರೂಢಿ. ಅದರಿಂದ ಸಿಗುವುದು ಝೆರಾಕ್ಸ್ ಅಂಗಡಿಯಲ್ಲಿ ಸ್ಪೈರಲ್ ಹಾಕಿಸಿದ, ಎಲ್ಲಿಂದಲೋ ಇಳಿಸಿಕೊಂಡ ಹತ್ತು ಪುಟ. ಎರಡು ವಾಕ್ಯ ಸರಿಯಾಗಿ ಬರೆಯಲು ಬಾರದವರು ಹತ್ತು ಪುಟ ಹೇಗೆ ಬರೆದಾರು? ಆದ್ದರಿಂದ ಚೀಟಿ ಮೊದಲು, ವರದಿ ಆಮೇಲೆ.

ಎ4 ಹಾಳೆಯನ್ನು ನಾಲ್ಕು ತುಂಡು ಮಾಡಿ. 70 ಮಕ್ಕಳಿಗೆ 18 ಹಾಳೆ ಬೇಕು. ತುಂಡು ಸಣ್ಣದಿರುವುದೇ ಒಳ್ಳೆಯದು: ಜಾಗವಿಲ್ಲದ್ದರಿಂದ ಪಠ್ಯಪುಸ್ತಕದ ವ್ಯಾಖ್ಯೆಯನ್ನು ನಕಲು ಮಾಡಿ ತುಂಬಿಸಲು ಆಗುವುದಿಲ್ಲ. ವಾರಕ್ಕೊಂದು ದಿನ ಪೀರಿಯಡ್ಡಿನ ಕೊನೆಯ 8 ನಿಮಿಷ ಇದಕ್ಕೆ ಮೀಸಲಿಡಿ. ಪ್ರಶ್ನೆ ಓದಿ ಅರ್ಥ ಮಾಡಿಕೊಳ್ಳಲು ಒಂದು ನಿಮಿಷ, ಬರೆಯಲು ಐದು, ಪಕ್ಕದವರ ಚೀಟಿ ಓದಿ ಅರ್ಥವಾಗದ ಪದದ ಕೆಳಗೆ ಗೆರೆ ಎಳೆಯಲು ಎರಡು.

ಇನ್ನು ತಿದ್ದುವ ಕೆಲಸ. ಇಲ್ಲಿಯೇ ಹೆಚ್ಚಿನ ಉಪನ್ಯಾಸಕರು ಮೂರನೇ ವಾರಕ್ಕೆ ಕೈಚೆಲ್ಲುತ್ತಾರೆ, ಯಾಕೆಂದರೆ 70 ಚೀಟಿಯನ್ನೂ ಕೆಂಪು ಪೆನ್ನಿನಲ್ಲಿ ತಿದ್ದಲು ಕೂರುತ್ತಾರೆ. ತಿದ್ದಬೇಡಿ, ವಿಂಗಡಿಸಿ. ಚೀಟಿಗೆ 20 ಸೆಕೆಂಡ್ ಎಂದರೆ 70ಕ್ಕೆ ಸುಮಾರು 23 ನಿಮಿಷ. ಮೂರು ಗುಂಪು ಮಾಡಿ: ಅರ್ಥ ಸರಿ ಇರುವವು, ಅರ್ಧ ಸರಿ ಇರುವವು, ಅರ್ಥವೇ ತಪ್ಪಿರುವವು. 2, 1, 0 ಎಂದು ಬರೆದು ಪಕ್ಕಕ್ಕಿಡಿ. ಪ್ರತಿ ಗುಂಪಿನಿಂದ ಒಂದರಂತೆ ಮೂರು ವಾಕ್ಯ ಆರಿಸಿ, ಮರುದಿನ ಹೆಸರು ಹೇಳದೆ ಬೋರ್ಡಿನ ಮೇಲೆ ಬರೆದು ಐದಾರು ನಿಮಿಷ ಚರ್ಚಿಸಿ. ಎಲ್ಲರ ತಪ್ಪೂ ಸಾಮಾನ್ಯವಾಗಿ ಈ ಮೂರರಲ್ಲಿ ಎಲ್ಲೋ ಒಂದು ಕಡೆ ಇರುತ್ತದೆ. ತಪ್ಪು ವಾಕ್ಯ ಓದುವಾಗ ನಗುವುದಕ್ಕೆ ಅವಕಾಶ ಕೊಡಬೇಡಿ. ಒಮ್ಮೆ ನಕ್ಕರೆ ಮುಂದಿನ ವಾರದಿಂದ ಮಕ್ಕಳು ಪುಸ್ತಕದ ವಾಕ್ಯವನ್ನೇ ಬರೆದುಕೊಡುತ್ತಾರೆ, ಒಳಗೇನಿದೆ ಎಂಬುದು ನಿಮಗೆ ತಿಳಿಯುವುದೇ ಇಲ್ಲ.

ಮೊದಲ ವಾಕ್ಯದ ಅಚ್ಚು

ಮೊದಲ ಮೂರು ವಾರ ಒಂದೇ ಒಂದು ವಾಕ್ಯ ಬರೆಸಿ. ಆ ವಾಕ್ಯದಲ್ಲಿ ನಾಲ್ಕು ಸಂಗತಿ ಇರಲೇಬೇಕು: ಯಾರ ಅಥವಾ ಯಾವುದರ ಬಗ್ಗೆ, ಏನನ್ನು ಅಳೆದದ್ದು, ಎಷ್ಟು ಮತ್ತು ಯಾವ ಮಾನದಲ್ಲಿ, ಎಲ್ಲಿ ಮತ್ತು ಯಾವಾಗ.

“ಸರಾಸರಿ 42” ಎಂಬುದು ವಾಕ್ಯವಲ್ಲ. “ವಿದ್ಯಾರ್ಥಿಗಳ ಸರಾಸರಿ ಸಮಯ 42 ನಿಮಿಷ” ಎಂಬುದು ಅರ್ಧ ವಾಕ್ಯ. “ನಮ್ಮ ಸೆಕ್ಷನ್ನಿನ 70 ವಿದ್ಯಾರ್ಥಿಗಳು ಸೋಮವಾರ ಬೆಳಿಗ್ಗೆ ಮನೆ ಬಿಟ್ಟು ಕಾಲೇಜು ಮುಟ್ಟಲು ಸರಾಸರಿ 42 ನಿಮಿಷ ತೆಗೆದುಕೊಂಡರು” ಎಂದಾಗ ಪೂರ್ತಿಯಾಯಿತು. ಇಂಥ ಅಂಕಿಗಳನ್ನು ತರಗತಿಯಲ್ಲೇ ಸಂಗ್ರಹಿಸಿ. ಬಸ್ಸಿನಲ್ಲಿ ಬರುವವರು, ನಡೆದು ಬರುವವರು, ಹಾಸ್ಟೆಲ್ಲಿನವರು ಎಲ್ಲ ಸೇರಿರುವುದರಿಂದ ಅಂಕಿಗಳು ಎರಡು ಗುಂಪಾಗಿ ಬೀಳುವುದುಂಟು: ಹತ್ತು ನಿಮಿಷದ ಆಸುಪಾಸು ಒಂದು ರಾಶಿ, ಒಂದು ಗಂಟೆಯ ಆಸುಪಾಸು ಇನ್ನೊಂದು. ಆಗ 42 ನಿಮಿಷ ಹಿಡಿಯುವವರು ಬೆರಳೆಣಿಕೆಯಷ್ಟೂ ಇರಲಿಕ್ಕಿಲ್ಲ. “ಈ 42 ಯಾರದು?” ಎಂಬುದೇ ನಾಲ್ಕನೇ ವಾರದ ಚೀಟಿಯ ಪ್ರಶ್ನೆಯಾಗಲಿ.

ಪ್ರಸರಣದ (ಅಂಕಿಗಳು ಎಷ್ಟು ಚೆದುರಿವೆ ಎಂಬುದರ) ಪಾಠಕ್ಕೆ ಬಂದಾಗ ಮೇಲಿನ ಹೊಲದ ಅಂಕಿಗಳನ್ನೇ ಮತ್ತೆ ತೆಗೆಯಿರಿ. ಸರಾಸರಿಯಿಂದ ಅಂಕಿಗಳು ಎಷ್ಟು ದೂರ ಚೆದುರಿವೆ ಎಂದು ಅಳೆಯುವ ಮಾನಕ ವಿಚಲನೆ ಸುಮಾರು 11.74 ಎಕರೆ, ಅಂದರೆ ಸರಾಸರಿಗಿಂತಲೂ ದೊಡ್ಡದು. ಎಕರೆ ಋಣವಾಗಿರಲು ಸಾಧ್ಯವಿಲ್ಲದಿರುವಾಗ ಇದರ ಅರ್ಥವೇನು ಎಂದು ಬರೆಸಿ. 40 ಎಕರೆಯ ಒಂದು ಮನೆಯನ್ನು ಬೆರಳಿಟ್ಟು ತೋರಿಸಿದವರಿಗೆ ಎರಡು ಅಂಕ. “ಜಮೀನಿನಲ್ಲಿ ವ್ಯತ್ಯಾಸ ಇದೆ” ಎಂದಷ್ಟೇ ಬರೆದವರಿಗೆ ಒಂದು.

ಅಂಕಿ ಎಲ್ಲಿಂದ ತರುವುದು

ಪಠ್ಯಪುಸ್ತಕದ ‘ಎ ಕಂಪನಿ, ಬಿ ಕಂಪನಿ’ ಲೆಕ್ಕಗಳಿಂದ ಬರವಣಿಗೆ ಹುಟ್ಟುವುದಿಲ್ಲ. ಊರಿನ ಅಂಕಿ ಬೇಕು. ಹಾಗೆಂದು ಊರಿನ ಅಂಕಿಯೂ ಸುಲಭದ್ದಲ್ಲ, ಒಂದೊಂದರಲ್ಲೂ ಒಂದು ಹಳ್ಳ ಇರುತ್ತದೆ. ಆ ಹಳ್ಳವೇ ಬರೆಯುವ ಪ್ರಶ್ನೆ.

ಜನಗಣತಿಯಿಂದ ಶುರು ಮಾಡೋಣ. 2011ರ ಗಣತಿಯಂತೆ ಸಾಕ್ಷರತೆ ರಾಯಚೂರು ಜಿಲ್ಲೆಯಲ್ಲಿ ಶೇ 59.56, ಬಳ್ಳಾರಿಯಲ್ಲಿ ಶೇ 67.43, ಕೊಪ್ಪಳದಲ್ಲಿ ಶೇ 68.09. “ರಾಯಚೂರಿನ ನೂರು ಜನರಲ್ಲಿ ಸುಮಾರು 60 ಜನ ಅಕ್ಷರಸ್ಥರು” ಎಂದು ಎಲ್ಲರೂ ಬರೆಯುತ್ತಾರೆ. ಗಣತಿಯಲ್ಲಿ ಸಾಕ್ಷರತೆಯ ಲೆಕ್ಕ 7 ವರ್ಷ ಮತ್ತು ಮೇಲಿನವರಿಗೆ ಮಾತ್ರ, ಹಾಗಾಗಿ ಛೇದದಲ್ಲಿ ಯಾರಿದ್ದಾರೆ ಎಂಬುದು ವಾಕ್ಯದಲ್ಲಿ ಬರಬೇಕು. ಎರಡನೆಯದು: ರಾಯಚೂರಿನಲ್ಲಿ ಗಂಡಸರ ಸಾಕ್ಷರತೆ ಶೇ 70.47, ಹೆಂಗಸರದು ಶೇ 48.73. “ಹೆಂಗಸರ ಸಾಕ್ಷರತೆ ಶೇ 21.74ರಷ್ಟು ಕಡಿಮೆ” ಎಂಬ ವಾಕ್ಯ ಪತ್ರಿಕೆಗಳಲ್ಲೂ ಕಾಣುತ್ತದೆ. ಅದು ಶೇಕಡಾ ಅಂಶಗಳ (ಪರ್ಸೆಂಟೇಜ್ ಪಾಯಿಂಟ್) ವ್ಯತ್ಯಾಸ. ಗಂಡಸರ ಪ್ರಮಾಣಕ್ಕೆ ಹೋಲಿಸಿದರೆ ಹೆಂಗಸರದು ಸುಮಾರು ಶೇ 31ರಷ್ಟು ಕಡಿಮೆ, ಹೆಂಗಸರದಕ್ಕೆ ಹೋಲಿಸಿದರೆ ಗಂಡಸರದು ಸುಮಾರು ಶೇ 45ರಷ್ಟು ಹೆಚ್ಚು. ಮೂರೂ ವಾಕ್ಯಗಳನ್ನು ಬರೆಸಿ, ಮೂರೂ ಹೇಗೆ ಸರಿ ಎಂದು ಒಂದು ಸಾಲು ಸೇರಿಸಲು ಹೇಳಿ. ಶೇಕಡಾ ಲೆಕ್ಕವನ್ನು ಏಳನೇ ತರಗತಿಯಿಂದ ಮಾಡುತ್ತ ಬಂದವರೂ ಇಲ್ಲಿ ತಡವರಿಸುತ್ತಾರೆ. ಮೂರನೆಯ ಹಳ್ಳ ಬಳ್ಳಾರಿಯದು: 2021ರಲ್ಲಿ ವಿಜಯನಗರ ಜಿಲ್ಲೆ ಬೇರೆಯಾಯಿತು. 2011ರ ಬಳ್ಳಾರಿಯ ಅಂಕಿಯಲ್ಲಿ ಹೊಸಪೇಟೆ, ಕೂಡ್ಲಿಗಿ, ಹಡಗಲಿ ಎಲ್ಲ ಸೇರಿವೆ. ಅದನ್ನು ಇಂದಿನ ಬಳ್ಳಾರಿಗೆ ಅಂಟಿಸಿದರೆ ಹೆಸರು ಒಂದೇ, ಜಾಗ ಬೇರೆ.

ಎಪಿಎಂಸಿ ದರಗಳು ದಿನವೂ ಸಿಗುತ್ತವೆ: ರಾಯಚೂರಿನ ಹತ್ತಿ, ಗಂಗಾವತಿಯ ಭತ್ತ. ಇಲ್ಲಿ ತಪ್ಪುವುದು ಮಾನದಲ್ಲಿ. ಮಾರುಕಟ್ಟೆಯ ಪಟ್ಟಿ ಕ್ವಿಂಟಲ್ ಲೆಕ್ಕ ಹೇಳುತ್ತದೆ, ಮನೆಯಲ್ಲಿ ಅಪ್ಪ 75 ಕೆ.ಜಿ. ಚೀಲದ ಲೆಕ್ಕ ಹೇಳುತ್ತಾರೆ. ಕ್ವಿಂಟಲ್‌ಗೆ 2,000 ಎಂದರೆ ಚೀಲಕ್ಕೆ 1,500. ಎರಡನ್ನೂ ಒಂದೇ ಕಾಲಂನಲ್ಲಿ ಬರೆದುಕೊಂಡ ಹುಡುಗನ ಮಾನಕ ವಿಚಲನೆ ಆಕಾಶಕ್ಕೇರುತ್ತದೆ, ಅವನು ಅದನ್ನು “ದರದಲ್ಲಿ ಭಾರೀ ಏರಿಳಿತ” ಎಂದು ವಿವರಿಸಿಬಿಡುತ್ತಾನೆ. ಚೀಟಿಯಲ್ಲಿ ಮಾನ ಬರೆಯುವುದು ಕಡ್ಡಾಯ ಮಾಡುವುದು ಇದಕ್ಕೇ.

ತುಂಗಭದ್ರಾ ಜಲಾಶಯದ ಅಂಕಿಗಳು ಈ ಮೂರೂ ಜಿಲ್ಲೆಗೆ ಪರಿಚಿತ. ಮಳೆಗಾಲದಲ್ಲಿ ಒಳಹರಿವು, ಹೊರಹರಿವು, ನೀರಿನ ಮಟ್ಟ, ಸಂಗ್ರಹ ಎಲ್ಲ ಪತ್ರಿಕೆಯಲ್ಲಿ ಬರುತ್ತದೆ. “ಜಲಾಶಯ ಶೇ 80 ತುಂಬಿದೆ” ಎಂಬ ಸಾಲು ಕೊಟ್ಟು, “ಯಾವುದರ ಶೇ 80?” ಎಂದು ಬರೆಸಿ. ಕಟ್ಟಿದಾಗಿನ ಸಾಮರ್ಥ್ಯ ಸುಮಾರು 132 ಟಿಎಂಸಿ ಇತ್ತು. ಹೂಳು ತುಂಬಿ ಈಗ ಲೆಕ್ಕಕ್ಕೆ ಹಿಡಿಯುವುದು 105.788 ಟಿಎಂಸಿ. ಇವತ್ತಿನ ಲೆಕ್ಕದಲ್ಲಿ ಶೇ 80 ಎಂದರೆ 84.63 ಟಿಎಂಸಿ. ಅದೇ ನೀರು ಹಳೆಯ ಸಾಮರ್ಥ್ಯದ ಸುಮಾರು ಶೇ 64 ಮಾತ್ರ. ನಾಲೆಗೆ ಎರಡನೇ ಬೆಳೆಗೆ ನೀರು ಬರುತ್ತದೋ ಇಲ್ಲವೋ ಎಂದು ಕಾಯುವ ಮನೆಯ ಮಕ್ಕಳಿಗೆ ಛೇದ ಎಂದರೇನು ಎಂದು ಬೇರೆ ಪಾಠ ಬೇಡ.

ಪದಗಳೇ ಮಾಡುವ ಮೋಸ

ಕನ್ನಡದಲ್ಲಿ ಸಂಖ್ಯಾಶಾಸ್ತ್ರ ಬರೆಸುವಾಗ ಅತಿ ಹೆಚ್ಚು ಎಡವುವ ಜಾಗ ಇದು, ಇದಕ್ಕೆ ಎರಡು ವಾರ ಪೂರ್ತಿ ಕೊಟ್ಟರೂ ನಷ್ಟವಿಲ್ಲ. ನಮ್ಮ ಪಾರಿಭಾಷಿಕ ಪದಗಳಲ್ಲಿ ಹಲವು ಮನೆಮಾತಿನಿಂದ ಬಂದವು. ಮನೆಯ ಅರ್ಥವನ್ನು ಅವು ತರಗತಿಗೂ ಹೊತ್ತು ತರುತ್ತವೆ.

‘ಸರಾಸರಿ’ಯನ್ನೇ ನೋಡಿ. “ಸರಾಸರಿ ಎಷ್ಟಾಗ್ತದ್ರಿ?” ಎಂದು ಅಂಗಡಿಯಲ್ಲಿ ಕೇಳಿದರೆ ‘ಹೆಚ್ಚುಕಡಿಮೆ ಎಷ್ಟು’ ಎಂದರ್ಥ. ಆದ್ದರಿಂದ “ಸರಾಸರಿ 6.94 ಎಕರೆ” ಎಂದಾಗ ಮಗುವಿನ ಮನಸ್ಸಿನಲ್ಲಿ ‘ಎಲ್ಲರಿಗೂ ಹೆಚ್ಚುಕಡಿಮೆ ಏಳು ಎಕರೆ’ ಎಂದೇ ಕೂರುತ್ತದೆ. ಈ ಬರಹದ ಮೊದಲಲ್ಲಿ ಕಂಡ ತಪ್ಪು ವಾಕ್ಯದ ಬೇರು ಬಹುಶಃ ಇಲ್ಲೇ ಇದೆ.

‘ಮಾದರಿ’ ಇನ್ನೂ ಕಷ್ಟದ್ದು. ಸಮಷ್ಟಿಯಿಂದ (ನಾವು ತಿಳಿಯಬೇಕಾದ ಇಡೀ ಗುಂಪಿನಿಂದ) ಆರಿಸಿದ ಭಾಗವೂ ಮಾದರಿ, ಅನುಕರಿಸಬೇಕಾದದ್ದೂ ಮಾದರಿ, ಗಣಿತದ ಮಾಡೆಲ್ ಕೂಡ ಮಾದರಿ. ಸಾಲದ್ದಕ್ಕೆ ಮಾರುಕಟ್ಟೆ ಪಟ್ಟಿಯಲ್ಲಿ ಕನಿಷ್ಠ, ಗರಿಷ್ಠ ದರಗಳ ಪಕ್ಕ ‘ಮಾದರಿ ದರ’ ಎಂದು ಬರುತ್ತದೆ. ಅದು ಹೆಚ್ಚು ಮಾಲು ಯಾವ ದರಕ್ಕೆ ಹೋಯಿತೋ ಆ ದರ, ಅಂದರೆ ಬಹುಲಕಕ್ಕೆ (ಅತಿ ಹೆಚ್ಚು ಸಲ ಬರುವ ಬೆಲೆಗೆ) ಹತ್ತಿರದ್ದು. “ಮಾದರಿ ಶಾಲೆಯಿಂದ ಮಾದರಿ ತೆಗೆದೆವು” ಎಂಬ ವಾಕ್ಯ ಬಂದರೆ ಆಶ್ಚರ್ಯಪಡಬೇಡಿ. ಸ್ಯಾಂಪಲ್ ಎಂದು ಕನ್ನಡ ಲಿಪಿಯಲ್ಲಿ ಬರೆದರೆ ಗೊಂದಲ ತಪ್ಪುತ್ತದೆ ಎನ್ನುವುದಾದರೆ ಹಾಗೇ ಬರೆಯಲಿ, ಶುದ್ಧ ಪದಕ್ಕಾಗಿ ಹಠ ಬೇಡ.

‘ಯಾದೃಚ್ಛಿಕ’ (ರ‍್ಯಾಂಡಮ್) ಎಂದರೆ ಮಕ್ಕಳಿಗೆ ‘ಸಿಕ್ಕಸಿಕ್ಕವರನ್ನು ಕೇಳುವುದು’. ‘ಮಾನಕ ದೋಷ’ (ಸ್ಯಾಂಪಲ್ ಬದಲಾದಂತೆ ಅಂದಾಜು ಎಷ್ಟು ಬದಲಾಗುತ್ತದೆ ಎಂಬ ಅಳತೆ) ಎಂದರೆ ಯಾರೋ ಮಾಡಿದ ತಪ್ಪು. ಸಿಗ್ನಿಫಿಕೆಂಟ್ ಎಂಬುದನ್ನು ‘ಮಹತ್ವದ್ದು’ ಎಂದುಕೊಂಡ ಕೂಡಲೇ ಪುಟ್ಟ ವ್ಯತ್ಯಾಸವೂ ದೊಡ್ಡ ಸುದ್ದಿಯಾಗುತ್ತದೆ. ‘ಅಂದಾಜು’ ಎಂದರೆ ಬಾಯಿಗೆ ಬಂದದ್ದು ಹೇಳುವುದು. ಆದರೆ ಸಂಖ್ಯಾಶಾಸ್ತ್ರದ ಅಂದಾಜು ಎಷ್ಟು ತಪ್ಪಬಹುದು ಎಂಬುದಕ್ಕೂ ಅಳತೆ ಇದೆ. ಆ ಅಳತೆಗೆ ಒಂದು ಕೆಳಮಿತಿ ಇದೆ ಎಂದು 1945ರ ಪ್ರಬಂಧದಲ್ಲಿ ತೋರಿಸಿದ ಸಂಖ್ಯಾಶಾಸ್ತ್ರಜ್ಞ ಸಿ.ಆರ್. ರಾವ್ ಹುಟ್ಟಿದ್ದು 1920ರಲ್ಲಿ, ಆಗ ಬಳ್ಳಾರಿ ಜಿಲ್ಲೆಯಲ್ಲಿದ್ದ ಹೂವಿನ ಹಡಗಲಿಯಲ್ಲಿ. ಮಕ್ಕಳಿಗೆ ಇದನ್ನು ಹೇಳಿ, ‘ಅಂದಾಜು’ ಪದದ ಮೇಲೆ ಗೌರವ ಹುಟ್ಟಲು ಅಷ್ಟು ಸಾಕು.

ಇದಕ್ಕೆ ಚೀಟಿಯ ರೂಪ: ಒಂದೇ ಪದವನ್ನು ಎರಡು ವಾಕ್ಯದಲ್ಲಿ ಬಳಸಬೇಕು, ಒಂದು ಮನೆಯ ಅರ್ಥದಲ್ಲಿ, ಇನ್ನೊಂದು ತರಗತಿಯ ಅರ್ಥದಲ್ಲಿ. ವ್ಯಾಖ್ಯೆ ಬರೆಯುವಂತಿಲ್ಲ. ಪದದ ವ್ಯಾಖ್ಯೆಯನ್ನು ಗಿಳಿಪಾಠ ಒಪ್ಪಿಸುವವರೂ ಎರಡನೇ ವಾಕ್ಯದಲ್ಲಿ ಸಿಕ್ಕಿಬೀಳುತ್ತಾರೆ.

ನಕ್ಷೆ ನೋಡಿ ಬರೆಯುವುದು

ನಕ್ಷೆ ಎಳೆಯಲು ಬರುತ್ತದೆ, ಓದಲು ಬರುವುದಿಲ್ಲ. “ನಕ್ಷೆಯಲ್ಲಿ ಏರಿಳಿತ ಕಾಣುತ್ತದೆ” ಎಂಬ ವಾಕ್ಯವನ್ನು ಮೊದಲ ದಿನವೇ ನಿಷೇಧಿಸಿ. ಅದನ್ನು ಯಾವ ನಕ್ಷೆಗಾದರೂ ಬರೆಯಬಹುದು.

ಒಳ್ಳೆಯ ಆರಂಭ ಸಂಖ್ಯಾಶಾಸ್ತ್ರಜ್ಞ ಫ್ರಾನ್ಸಿಸ್ ಅನ್ಸ್ಕಂಬ್ 1973ರಲ್ಲಿ ಕೊಟ್ಟ ನಾಲ್ಕು ಅಂಕಿಗುಂಪುಗಳು. ಪ್ರತಿ ಗುಂಪಿನಲ್ಲಿ 11 ಬಿಂದು. ನಾಲ್ಕರಲ್ಲೂ ಮೊದಲ ಚರದ ಸರಾಸರಿ 9, ಎರಡನೆಯದರ ಸರಾಸರಿ 7.5, ಸಹಸಂಬಂಧ ಗುಣಾಂಕ (ಎರಡು ಚರ ಎಷ್ಟು ಒಟ್ಟಿಗೆ ಏರಿಳಿಯುತ್ತವೆ ಎಂಬ ಅಳತೆ) ಸುಮಾರು 0.816. ಚಿತ್ರ ಬರೆದರೆ ಒಂದು ಸುಮಾರಾಗಿ ನೇರ ಗೆರೆ, ಇನ್ನೊಂದು ಬಾಗಿದ ಗೆರೆ, ಮೂರನೆಯದು ಒಂದೇ ಬಿಂದು ಕೆಡಿಸಿದ ಗೆರೆ, ನಾಲ್ಕನೆಯದರಲ್ಲಿ ಹತ್ತು ಬಿಂದು ಒಂದೇ ಕಂಬದ ಹಾಗೆ ನಿಂತು ದೂರದ ಇನ್ನೊಂದು ಬಿಂದು ಇಡೀ ಸಹಸಂಬಂಧವನ್ನು ಹೊತ್ತಿದೆ. ಮಕ್ಕಳನ್ನು ಜೋಡಿ ಮಾಡಿ, ಬೆನ್ನಿಗೆ ಬೆನ್ನು ಕೊಟ್ಟು ಕೂರಿಸಿ. ಒಬ್ಬರು ಚಿತ್ರ ನೋಡಿ ಮೂರು ವಾಕ್ಯ ಬರೆದುಕೊಡಬೇಕು, ಇನ್ನೊಬ್ಬರು ಅದನ್ನೇ ಓದಿ ಚಿತ್ರ ಬಿಡಿಸಬೇಕು. ಎರಡೂ ಚಿತ್ರ ಪಕ್ಕದಲ್ಲಿಟ್ಟಾಗ ವಾಕ್ಯದಲ್ಲಿ ಏನು ಬಿಟ್ಟುಹೋಯಿತು ಎಂಬುದು ಅವರಿಗೇ ಕಾಣುತ್ತದೆ, ನೀವು ತಿದ್ದುವ ಕೆಲಸವಿಲ್ಲ. ಇಪ್ಪತ್ತು ನಿಮಿಷ ಹಿಡಿಯುತ್ತದೆ, ಆ ವಾರ ಬೇರೆ ಚೀಟಿ ಬೇಡ.

ಲಂಬ ಅಕ್ಷ ಸೊನ್ನೆಯಿಂದಲೇ ಶುರುವಾಗಬೇಕು ಎಂಬ ನಿಯಮವನ್ನು ಮಕ್ಕಳು ಕಣ್ಣುಮುಚ್ಚಿ ನಂಬುತ್ತಾರೆ. ತುಂಗಭದ್ರೆಯ ನೀರಿನ ಮಟ್ಟವನ್ನು ಸೊನ್ನೆಯಿಂದ ಎಳೆಯಲು ಹೇಳಿ. ಗರಿಷ್ಠ ಮಟ್ಟ 1,633 ಅಡಿ. ಜಲಾಶಯ 1,600ರಿಂದ ತುಂಬಿ ಬಂದರೂ ಗೆರೆ ಅಲ್ಲಾಡುವುದಿಲ್ಲ, ಯಾಕೆಂದರೆ ಈ ಅಡಿ ಸಮುದ್ರಮಟ್ಟದಿಂದ ಎಣಿಸಿದ್ದು. ಅದೇ ಎರಡು ಕಾಲೇಜಿನ ಫಲಿತಾಂಶದ ಕಂಬಗಳನ್ನು ಶೇ 80ರಿಂದ ಶುರು ಮಾಡಿದರೆ 84 ಎಂಬುದು 82ರ ಎರಡರಷ್ಟು ಎತ್ತರ ಕಾಣುತ್ತದೆ. ಯಾವಾಗ ಕತ್ತರಿಸಬಹುದು, ಯಾವಾಗ ಕೂಡದು ಎಂದು ಐದು ವಾಕ್ಯ ಬರೆಸಿ.

ಹೊರಬಿದ್ದ ಬಿಂದುಗಳ ವಿಷಯಕ್ಕೂ ಇದೇ ಜಲಾಶಯ ಸಾಕು. 2024ರ ಆಗಸ್ಟ್ 10ರ ರಾತ್ರಿ 33 ಕ್ರಸ್ಟ್ ಗೇಟುಗಳಲ್ಲಿ 19ನೆಯದು ಕೊಚ್ಚಿಹೋಯಿತು. ನಂತರ ಸಂಗ್ರಹ ಕಡಿಮೆ ಮಾಡಲು ನೀರು ಬಿಡಬೇಕಾಯಿತು. ಆಗಸ್ಟ್ ತಿಂಗಳ ಹೊರಹರಿವಿನ ಸರಾಸರಿ ಲೆಕ್ಕ ಹಾಕುವಾಗ ಆ ದಿನಗಳನ್ನು ಇಡಬೇಕೆ, ಬಿಡಬೇಕೆ? “ಬಿಡಬೇಕು, ಅದು ಔಟ್‌ಲೈಯರ್” ಎಂದಷ್ಟೇ ಬರೆದ ಚೀಟಿಗೆ ಸೊನ್ನೆ ಕೊಡಿ. ಎಂದಿನ ವರ್ಷದ ನಾಲೆ ನೀರಿನ ಪ್ರಶ್ನೆಗೆ ಬೇರೆ ಉತ್ತರ, ನದಿಪಾತ್ರದ ಊರುಗಳ ಅಪಾಯದ ಪ್ರಶ್ನೆಗೆ ಬೇರೆ ಉತ್ತರ. ಪ್ರಶ್ನೆ ಯಾವುದು ಎಂದು ಹೇಳಿ ಕಾರಣ ಕೊಟ್ಟವರಿಗೆ, ಉತ್ತರ ಯಾವ ಕಡೆಯಿದ್ದರೂ, ಪೂರ್ಣ ಅಂಕ.

ಕಾಕಾನಿಗೆ ಬರೆದ ಚೀಟಿ

ಎಂಟನೇ ವಾರದ ಹೊತ್ತಿಗೆ ಓದುವವರನ್ನು ಬದಲಾಯಿಸಿ. ಇಲ್ಲಿಯವರೆಗೆ ಮಕ್ಕಳು ನಿಮಗಾಗಿ ಬರೆದರು, ನಿಮಗೆ ಉತ್ತರ ಗೊತ್ತಿದೆ ಎಂಬುದು ಅವರಿಗೂ ಗೊತ್ತು, ಹಾಗಾಗಿ ಅರ್ಧ ಹೇಳಿ ಬಿಡುತ್ತಾರೆ. ಲೆಕ್ಕ ಗೊತ್ತಿಲ್ಲದ, ಆದರೆ ವ್ಯವಹಾರ ಚೆನ್ನಾಗಿ ಗೊತ್ತಿರುವ ಮನೆಯ ಹಿರಿಯರಿಗೆ ಬರೆಯಲಿ.

ಪ್ರಶ್ನೆ ಹೀಗಿರಲಿ. ಎರಡು ಮಾರುಕಟ್ಟೆಯಲ್ಲಿ ಒಣಮೆಣಸಿನಕಾಯಿಯ ಐದು ವಾರದ ದರ, ಕ್ವಿಂಟಲ್‌ಗೆ ರೂಪಾಯಿಗಳಲ್ಲಿ (ಅಭ್ಯಾಸಕ್ಕೆಂದು ಕಟ್ಟಿದ ಅಂಕಿಗಳು). ಮೊದಲನೆಯದು: 14,000, 14,500, 15,000, 15,500, 16,000. ಎರಡನೆಯದು: 9,000, 12,000, 15,000, 18,000, 21,000. ಎರಡರ ಸರಾಸರಿಯೂ 15,000. ಮಾನಕ ವಿಚಲನೆ ಮೊದಲನೆಯದಕ್ಕೆ ಸುಮಾರು 707, ಎರಡನೆಯದಕ್ಕೆ ಸುಮಾರು 4,243. ಮಾಲು ಎಲ್ಲಿಗೆ ಒಯ್ಯಬೇಕೆಂದು ಕಾಕಾನಿಗೆ ಆರು ಸಾಲು ಬರೆಯಿರಿ. ‘ಸರಾಸರಿ’, ‘ಮಾನಕ ವಿಚಲನೆ’ ಎಂಬ ಪದ ಬಳಸಬಾರದು. ಕನಿಷ್ಠ ಎರಡು ಸಂಖ್ಯೆ ಇರಬೇಕು. ನಿಮಗೆ ಗೊತ್ತಿಲ್ಲದ ಒಂದು ಸಂಗತಿಯನ್ನೂ ಹೇಳಬೇಕು.

ಮನೆಮಾತಿನಲ್ಲಿ ಬರೆಯಲು ಬಿಡಿ. ಎರಡು ಅಂಕದ ಉತ್ತರ ಹೀಗಿರಬಹುದು: “ಕಾಕಾ, ಎರಡೂ ಕಡೆ ನಡುಮಟ್ಟದ ರೇಟು ಹದಿನೈದು ಸಾವಿರನ ಐತಿ. ಆದ್ರ ಮೊದಲ್ನೇ ಮಾರ್ಕೆಟ್ನ್ಯಾಗ ಐದ್ನೂರು, ಸಾವಿರ ಹೆಚ್ಚುಕಮ್ಮಿ ಅಷ್ಟ. ಎರಡನೇದ್ರಾಗ ಒಂಬತ್ತು ಸಾವಿರಕ್ಕೂ ಇಳದೈತಿ, ಇಪ್ಪತ್ತೊಂದಕ್ಕೂ ಏರೈತಿ. ಸಾಲದ ಕಂತು ಕಟ್ಟೋದಿದ್ರ ಮೊದಲ್ನೇದಕ್ಕ ಹೋಗ್ರಿ. ಲಾರಿ ಬಾಡಿಗಿ ಎಷ್ಟಂತ ನನಗ ಗೊತ್ತಿಲ್ಲ, ಅದನ್ನ ಕೇಳ್ಕೊಂಡು ಹೋಗ್ರಿ.” ಪ್ರಸರಣ ಎಂದರೆ ಅಪಾಯ ಎಂಬುದನ್ನು ಈ ಹುಡುಗಿ ಪೂರ್ತಿ ಹಿಡಿದಿದ್ದಾಳೆ. ಇದೇ ಹುಡುಗಿ ಗ್ರಾಂಥಿಕ ಕನ್ನಡದಲ್ಲೋ ಇಂಗ್ಲಿಷಿನಲ್ಲೋ ಬರೆದಿದ್ದರೆ “ಎರಡನೇ ಮಾರುಕಟ್ಟೆಯಲ್ಲಿ ಪ್ರಸರಣವು ಅಧಿಕವಾಗಿದೆ” ಎಂದು ನಿಲ್ಲಿಸುತ್ತಿದ್ದಳು.

ಸಹಸಂಬಂಧಕ್ಕೆ ಮೂರು ಅನುಮಾನ

ರಾಯಚೂರಿನ ಬೇಸಿಗೆಯಲ್ಲಿ ಎಳನೀರಿನ ಮಾರಾಟವೂ ಏರುತ್ತದೆ, ಫ್ಯಾನ್ ರಿಪೇರಿಯೂ ಏರುತ್ತದೆ. ಎಳನೀರು ಕುಡಿದದ್ದಕ್ಕೆ ಫ್ಯಾನ್ ಕೆಡುವುದಿಲ್ಲ ಎಂದು ಎಲ್ಲರೂ ನಗುತ್ತಾರೆ. ಆದರೆ “ಟ್ಯೂಷನ್ನಿಗೆ ಹೋಗುವವರಿಗೆ ಅಂಕ ಹೆಚ್ಚು” ಎಂದರೆ ಯಾರೂ ನಗುವುದಿಲ್ಲ, ಕಾರಣ ಸಿಕ್ಕಿತೆಂದು ಬರೆದುಬಿಡುತ್ತಾರೆ. ಆದ್ದರಿಂದ ಪ್ರತಿ ಸಹಸಂಬಂಧಕ್ಕೂ ಮೂರು ವಾಕ್ಯ ಕಡ್ಡಾಯ ಮಾಡಿ: ಎರಡಕ್ಕೂ ಕಾರಣವಾದ ಮೂರನೆಯದು ಏನಿರಬಹುದು, ಕಾರಣ ತಿರುಗುಮುರುಗು ಇರಬಹುದೇ, ಬರೀ ಕಾಕತಾಳೀಯವೇ. ‘ಇಂದಾಗಿ’, ‘ಕಾರಣ’, ‘ಪರಿಣಾಮ’ ಎಂಬ ಪದ ಬಂದಲ್ಲೆಲ್ಲ ಪಕ್ಕದವರು ಸುತ್ತು ಹಾಕಲಿ.

ಪರೀಕ್ಷಣದ ವಾಕ್ಯ

ಇದು ಪದವಿ ತರಗತಿಗಳಿಗೆ ಹೆಚ್ಚು. ಬೀಜದ ಪೊಟ್ಟಣದ ಮೇಲೆ ಶೇ 75 ಮೊಳಕೆ ಎಂದು ಬರೆದಿದೆ ಎಂದುಕೊಳ್ಳಿ. 100 ಬೀಜ ಒದ್ದೆ ಬಟ್ಟೆಯಲ್ಲಿಟ್ಟರೆ 68 ಮೊಳೆತವು. ಝಡ್ ಬೆಲೆ (ಹೇಳಿದ ಪ್ರಮಾಣದಿಂದ ಎಷ್ಟು ಮಾನಕ ದೋಷದಷ್ಟು ದೂರ ಎಂಬ ಅಳತೆ) −1.62. ‘ಕಡಿಮೆ ಇದೆಯೇ’ ಎಂದು ಒಂದೇ ದಿಕ್ಕು ನೋಡುವ ಏಕಮುಖ ಪರೀಕ್ಷಣದಲ್ಲಿ ಶೇ 5ರ ಮಟ್ಟಕ್ಕೆ ಬೇಕಾದದ್ದು −1.645. ಸ್ವಲ್ಪದರಲ್ಲಿ ತಪ್ಪಿತು, ಶೂನ್ಯ ಪ್ರಾಕ್ಕಲ್ಪನೆಯನ್ನು (ಪೊಟ್ಟಣದ ಮಾತು ನಿಜ ಎಂದು ಇಟ್ಟುಕೊಂಡದ್ದನ್ನು) ತಿರಸ್ಕರಿಸಲಾಗದು. ಇಲ್ಲಿಯವರೆಗೆ ಎಲ್ಲರೂ ಸರಿ. ಆಮೇಲೆ ಬರುವ ವಾಕ್ಯ: “ಆದ್ದರಿಂದ ಕಂಪನಿ ಹೇಳಿದ್ದು ನಿಜವೆಂದು ಸಾಬೀತಾಯಿತು.”

ಆ ವಾಕ್ಯವನ್ನು ಬೋರ್ಡಿನ ಮೇಲೆ ಹಾಗೇ ಬಿಟ್ಟು, ಇನ್ನೊಂದು ಲೆಕ್ಕ ಕೊಡಿ: 400 ಬೀಜದಲ್ಲಿ 272 ಮೊಳೆತಿವೆ, ಅದೂ ಶೇ 68ನೇ. ಈಗ ಝಡ್ ಬೆಲೆ −3.23. ಪ್ರಮಾಣ ಬದಲಾಗಲಿಲ್ಲ, ತೀರ್ಮಾನ ಬದಲಾಯಿತು. “ಮೊದಲ ಸಲ ಸಾಬೀತಾದದ್ದು ಈಗ ಎಲ್ಲಿ ಹೋಯಿತು?” ಎಂದು ಬರೆಸಿ. ಉತ್ತರ ಬಾರದವರಿಗೆ ನೂರು ಬೀಜದ ಶೇ 95ರ ವಿಶ್ವಾಸಾಂತರ (ಈ ಅಂಕಿಗೆ ಹೊಂದುವ ನಿಜ ಪ್ರಮಾಣಗಳ ವ್ಯಾಪ್ತಿ) ಲೆಕ್ಕ ಹಾಕಲು ಹೇಳಿ: ಸುಮಾರು ಶೇ 58.9ರಿಂದ ಶೇ 77.1. ಅದರಲ್ಲಿ 75 ಇದೆ, 62 ಕೂಡ ಇದೆ. ನೂರು ಬೀಜಕ್ಕೆ ಇವೆರಡನ್ನು ಬೇರ್ಪಡಿಸುವ ಶಕ್ತಿ ಇಲ್ಲ, ಅಷ್ಟೇ.

ಪಿ-ಬೆಲೆಯನ್ನು ‘ಶೂನ್ಯ ಪ್ರಾಕ್ಕಲ್ಪನೆ ನಿಜವಾಗಿರುವ ಸಂಭವನೀಯತೆ’ ಎಂದು ಬರೆಯುವ ತಪ್ಪು ಸಂಶೋಧಕರಲ್ಲೂ ಎಷ್ಟು ಬೇರೂರಿದೆಯೆಂದರೆ, ಅಮೆರಿಕನ್ ಸ್ಟ್ಯಾಟಿಸ್ಟಿಕಲ್ ಅಸೋಸಿಯೇಷನ್ 2016ರಲ್ಲಿ ಇದರ ಬಗ್ಗೆಯೇ ಒಂದು ಹೇಳಿಕೆ ಹೊರಡಿಸಿತು. ವಾಕ್ಯವನ್ನು “ಪೊಟ್ಟಣದ ಮಾತು ನಿಜವಾಗಿದ್ದರೆ, ನೂರರಲ್ಲಿ 68 ಅಥವಾ ಅದಕ್ಕೂ ಕಡಿಮೆ ಮೊಳೆಯುವ ಸಂಭವನೀಯತೆ ಝಡ್ ಲೆಕ್ಕದಲ್ಲಿ ಸುಮಾರು 0.053” ಎಂದು ‘ಆಗಿದ್ದರೆ’ಯಿಂದಲೇ ಆರಂಭಿಸಲು ಕಲಿಸಿ. ಕನ್ನಡದ ‘ಆಗಿದ್ದರೆ’ ಈ ಕೆಲಸಕ್ಕೆ ಹೇಳಿ ಮಾಡಿಸಿದ್ದು.

ಆರು ವಾರದ ವರದಿ

ಈಗ ಪ್ರಾಜೆಕ್ಟ್. ನಾಲ್ವರ ಗುಂಪು, 600 ಪದ, ಒಂದು ಕೋಷ್ಟಕ, ಒಂದು ನಕ್ಷೆ. ವಾರವಾರ ಒಂದೊಂದು ತುಂಡು ಕೈಗೆ ಬರಬೇಕು. ಕೊನೆಗೆ ಒಮ್ಮೆಲೇ ತೆಗೆದುಕೊಳ್ಳಬೇಡಿ.

1. ಪ್ರಶ್ನೆ, ಒಂದೇ ವಾಕ್ಯದಲ್ಲಿ. “ಮೊಬೈಲ್ ಬಳಕೆಯ ಅಧ್ಯಯನ” ಎಂಬುದನ್ನು ವಾಪಸ್ ಕಳಿಸಿ. “ನಮ್ಮ ಹಾಸ್ಟೆಲ್ಲಿನ ಪ್ರಥಮ ಮತ್ತು ದ್ವಿತೀಯ ಪಿಯು ವಿದ್ಯಾರ್ಥಿಗಳು ಶಾಲಾದಿನಗಳಲ್ಲಿ ಮಲಗುವ ಗಂಟೆಗಳಲ್ಲಿ ವ್ಯತ್ಯಾಸ ಇದೆಯೇ?” ಎಂಬುದು ನಡೆಯುತ್ತದೆ. ಹೆಚ್ಚಿನ ಗುಂಪುಗಳು ಎರಡು, ಮೂರು ಸಲ ತಿದ್ದಿ ತರಬೇಕಾಗುತ್ತದೆ.

2. ಯಾರನ್ನು, ಹೇಗೆ ಆರಿಸಿದಿರಿ. ಸಂತೆ ದಿನ ಬಸ್ ಸ್ಟ್ಯಾಂಡಿನಲ್ಲಿ ನಿಂತು 40 ಜನರನ್ನು ಕೇಳಿ “ರ‍್ಯಾಂಡಮ್ ಆಗಿ ಆರಿಸಿದೆವು” ಎನ್ನುವುದು ಎಲ್ಲಕ್ಕಿಂತ ಸಾಮಾನ್ಯ ತಪ್ಪು. ಸಂತೆಗೆ ಬಾರದವರು, ಸ್ವಂತ ಗಾಡಿ ಇರುವವರು, ಕೂಲಿಗೆ ಹೋದವರು ಆ ನಲವತ್ತರಲ್ಲಿಲ್ಲ. ಪಟ್ಟಿ ಇರುವ ಸಮಷ್ಟಿಯನ್ನೇ ಆರಿಸಲು ಹೇಳಿ. 200 ಹೆಸರಿನ ಪಟ್ಟಿಯಿಂದ 40 ಬೇಕಾದರೆ 1ರಿಂದ 5ರೊಳಗೆ ಚೀಟಿ ಎತ್ತಿ, ಅಲ್ಲಿಂದ ಪ್ರತಿ ಐದನೆಯವರು. ಸಿಗದವರು, ಉತ್ತರ ಕೊಡದವರು ಎಷ್ಟು ಎಂಬುದನ್ನೂ ಬರೆಯಬೇಕು. ಅವರ ಬದಲು ಪಕ್ಕದವರನ್ನು ಹಾಕಿಕೊಳ್ಳುವಂತಿಲ್ಲ.

3. ಕೈಬರಹದ ಮೂಲ ಹಾಳೆ. ಐದಕ್ಕಿಂತ ಹೆಚ್ಚು ಪ್ರಶ್ನೆ ಬೇಡ. ಹೆಸರು, ಫೋನ್ ನಂಬರ್, ಜಾತಿ ಕೇಳಬಾರದು. ಎಲ್ಲ ಉತ್ತರವೂ 5ರ, 10ರ ಗುಣಕವಾಗಿದ್ದರೆ ಜನ ದುಂಡುಸಂಖ್ಯೆ ಹೇಳಿದ್ದಾರೆಂದು ಅರ್ಥ, ಅದನ್ನು ವರದಿಯಲ್ಲಿ ಹೇಳಲಿ. ತೀರಾ ಅಚ್ಚುಕಟ್ಟಾದ ಹಾಳೆಯನ್ನು ಒಮ್ಮೆ ಅನುಮಾನದಿಂದ ನೋಡಿ, ಹಾಸ್ಟೆಲ್ ಕೋಣೆಯಲ್ಲಿ ಕೂತು ತುಂಬಿಸಿದ್ದಿರಬಹುದು.

4. ಕೋಷ್ಟಕ, ನಕ್ಷೆ, ಅವುಗಳ ಬಗ್ಗೆ ಐದು ವಾಕ್ಯ.

5. ಕರಡು ಬದಲಿಸಿಕೊಳ್ಳುವುದು. ಇನ್ನೊಂದು ಗುಂಪು ಓದಿ ಮೂರು ಪ್ರಶ್ನೆ ಬರೆದುಕೊಡಬೇಕು. ಹೊಗಳಿಕೆ ಬೇಡ, ಪ್ರಶ್ನೆ ಮಾತ್ರ.

6. ಅಂತಿಮ ವರದಿ, ಜೊತೆಗೆ ಪ್ರತಿಯೊಬ್ಬರೂ ತರಗತಿಯಲ್ಲೇ ಕೂತು ಬರೆದ ಒಂದು ಪುಟ: “ನಮ್ಮ ವರದಿಯ ತೀರ್ಮಾನ ತಪ್ಪಿರಬಹುದಾದ ಒಂದು ದಾರಿ.” ನಾಲ್ವರಲ್ಲಿ ಯಾರು ಕೆಲಸ ಮಾಡಿದರು ಎಂಬುದು ಈ ಪುಟದಲ್ಲಿ ಗೊತ್ತಾಗಿಬಿಡುತ್ತದೆ.

20 ಅಂಕ ಇದ್ದರೆ ನಮ್ಮ ಹಂಚಿಕೆ: ಪ್ರಶ್ನೆಗೆ 3, ಆಯ್ಕೆ ಮತ್ತು ಸಂಗ್ರಹಕ್ಕೆ 4, ಕೋಷ್ಟಕ ಮತ್ತು ನಕ್ಷೆಗೆ 3, ಅರ್ಥ ವಿವರಣೆಗೆ 6, ಒಂಟಿ ಪುಟಕ್ಕೆ 4. ಲೆಕ್ಕಕ್ಕೆ ಬೇರೆ ಅಂಕ ಇಲ್ಲ, ಲೆಕ್ಕ ತಪ್ಪಿದ್ದರೆ ತಿದ್ದಿ ತರಲು ವಾಪಸ್ ಕೊಡಿ. ಕಾಗುಣಿತ, ಒತ್ತಕ್ಷರ, ಮನೆಮಾತು, ಕನ್ನಡ ಲಿಪಿಯ ಇಂಗ್ಲಿಷ್ ಪದ ಇವುಗಳಿಗೆ ಅಂಕ ಕಳೆಯಬೇಡಿ. ಕಳೆದರೆ ಮಕ್ಕಳು ಗೊತ್ತಿರುವ ಪದಗಳಲ್ಲಿ ಮಾತ್ರ ಯೋಚಿಸುತ್ತಾರೆ. ಬಣ್ಣದ ರಕ್ಷಾಪುಟಕ್ಕೂ ಅಂಕ ಬೇಡ, ಆ ದುಡ್ಡು ಉಳಿಯಲಿ.

ನಕಲು ಮತ್ತು ಚಾಟ್‌ಜಿಪಿಟಿ

ಬೈದು ತಡೆಯಲಾಗದು, ಪ್ರಶ್ನೆಯ ರಚನೆಯಲ್ಲೇ ತಡೆಯಬೇಕು. 100 ಸಾಲಿನ ಒಂದು ಅಂಕಿಪಟ್ಟಿ ಮಾಡಿ, ಪ್ರತಿಯೊಬ್ಬರೂ ತಮ್ಮ ರೋಲ್ ನಂಬರಿನ ಸಾಲಿನಿಂದ 12 ಸಾಲು ತೆಗೆದುಕೊಳ್ಳಲಿ. ಪಕ್ಕದವರ ಅಂಕಿ ಹತ್ತಿರವಿರುತ್ತದೆ, ಒಂದೇ ಆಗಿರುವುದಿಲ್ಲ. ಹಾಗಾಗಿ ನಕಲಿಸಿದ ವಾಕ್ಯ ತನ್ನ ಸಂಖ್ಯೆಗೆ ಹೊಂದುವುದಿಲ್ಲ. ಯಂತ್ರ ಬರೆದುಕೊಟ್ಟ ವರದಿಯಲ್ಲಿ ಸಾಮಾನ್ಯವಾಗಿ ಊರೂ ಇರುವುದಿಲ್ಲ, ಸಿಗದವರ ಲೆಕ್ಕವೂ ಇರುವುದಿಲ್ಲ, ಅನುಮಾನವಿದ್ದರೆ ಮೂಲ ಹಾಳೆ ಮುಂದಿಟ್ಟು “17ನೇ ಸಾಲಿನವರು ಯಾಕೆ ಉತ್ತರ ಕೊಡಲಿಲ್ಲ?” ಎಂದು ಒಂದು ನಿಮಿಷ ಮಾತನಾಡಿಸಿ. ಚೀಟಿಗಳಂತೂ ತರಗತಿಯಲ್ಲೇ, ಕೈಯಲ್ಲೇ.

ಪರೀಕ್ಷೆಯಲ್ಲೂ ಜಾಗ ಕೊಡಿ

ಆಂತರಿಕ ಪರೀಕ್ಷೆಯಲ್ಲಿ ಬರೀ ಸೂತ್ರದ ಲೆಕ್ಕವಿದ್ದರೆ ಮಕ್ಕಳು ಚೀಟಿಯನ್ನು ಆಟವೆಂದುಕೊಳ್ಳುತ್ತಾರೆ. ಪ್ರತಿ ಪರೀಕ್ಷೆಯಲ್ಲಿ ಐದು ಅಂಕದ ಒಂದು ಪ್ರಶ್ನೆ ಇದಕ್ಕಿರಲಿ: ತಪ್ಪಿರುವ ಒಂದು ವಾಕ್ಯ ಕೊಟ್ಟು, ತಪ್ಪು ಗುರುತಿಸಲು 2 ಅಂಕ, ಸರಿಪಡಿಸಿ ಬರೆಯಲು 3. ಇಂಥ ಪ್ರಶ್ನೆಗಳನ್ನು ಹೊಸದಾಗಿ ಕಟ್ಟುವ ಶ್ರಮ ಬೇಡ. ವರ್ಷದುದ್ದಕ್ಕೂ ಮೂರನೇ ಗುಂಪಿಗೆ ಹಾಕಿದ ಚೀಟಿಗಳನ್ನು ಎಸೆಯದೆ, ಹೆಸರಿನ ಭಾಗ ಕತ್ತರಿಸಿ, ಪಾಠವಾರು ರಬ್ಬರ್‌ಬ್ಯಾಂಡ್ ಹಾಕಿ ಒಂದು ಡಬ್ಬಿಯಲ್ಲಿಡಿ. ಮುಂದಿನ ವರ್ಷದ ಪ್ರಶ್ನೆಗಳು ಅಲ್ಲೇ ಇರುತ್ತವೆ: “ರಾಯಚೂರಿನ ಗಂಡಸರ ಸಾಕ್ಷರತೆ 70.47, ಹೆಂಗಸರದು 48.73, ಒಟ್ಟು 119.20.”